ಸ್ಟೆಪ್ನಿ ಹೊತ್ತ ಹಿಂಬಾಗಿಲಿನ ಬಿರುಕು

ಪ್ರಶ್ನೆ: ನಮ್ಮ ಜೀಪಿನ ಹಿಂಬಾಗಿಲಲ್ಲಿ ಸ್ಟೆಪ್ನಿ ಬ್ರಾಕೆಟ್ಟಿನ ಮೂಲೆಯಿಂದ ತಗಡು ಬಿರುಕು ಬಿಟ್ಟಿತ್ತು. ವೆಲ್ಡಿಂಗ್ ಮಾಡಿಸಿದೆವು, ಈಗ ಅದರ ಪಕ್ಕದಲ್ಲೇ ಮತ್ತೆ ಸೀಳಿದೆ. ಬಾಗಿಲನ್ನೇ ಬದಲಿಸಬೇಕೇ?

ಉತ್ತರ: ಹಿಂಜ್ ಬುಡ ಗಟ್ಟಿಯಿದ್ದು, ಒಳತಗಡು ತುಕ್ಕು ಹಿಡಿದಿಲ್ಲವಾದರೆ ಬದಲಿಸಬೇಕಿಲ್ಲ. ಸ್ಟೆಪ್ನಿಯ ಭಾರಕ್ಕೆ ತೆಳು ತಗಡು ರಸ್ತೆಯ ಪ್ರತಿ ಗುಂಡಿಯಲ್ಲೂ ಬಾಗಿ ಬಾಗಿ ದಣಿಯುತ್ತದೆ. ಬಿರುಕಿನ ಮೇಲಷ್ಟೇ ವೆಲ್ಡ್ ಎಳೆದರೆ, ಬಿಸಿಗೆ ಗುಣ ಕೆಟ್ಟ ಅಂಚಿನಲ್ಲಿ ಅದೇ ಬಾಗು ಮುಂದುವರಿಯುತ್ತದೆ. ನಿಮ್ಮಲ್ಲಿ ಆಗಿರುವುದೂ ಬಹುಶಃ ಅದೇ.

ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಸಿ, ಒಳಪ್ಯಾನೆಲ್, ವೈರಿಂಗ್ ಬಿಚ್ಚಿಸಿ. ಬಣ್ಣ ಕೆರೆದು ಬಿರುಕಿನ ನಿಜವಾದ ತುದಿ ಹುಡುಕಬೇಕು. ಬಣ್ಣದಡಿ ಅದು ಇನ್ನಷ್ಟು ಮುಂದೆ ಹೋಗಿರುತ್ತದೆ. ಬಿರುಕು ಮುಂದೆ ಓಡದಂತೆ ತುದಿಯಲ್ಲಿ 3 ಮಿ.ಮೀ. ತೂತು ಕೊರೆದು, ವೆಲ್ಡರ್ 0.8 ಮಿ.ಮೀ. ತಂತಿಯ ಸಿಒಟು (ಕಾರ್ಬನ್ ಡೈಆಕ್ಸೈಡ್ ಅನಿಲದ) ವೆಲ್ಡಿಂಗಿನಲ್ಲಿ ತುಣುಕು ತುಣುಕಾಗಿ, ಆರಲು ಬಿಟ್ಟು ಬೆಸೆಯಲಿ. ಒಂದೇ ಎಳೆತಕ್ಕೆ ತಗಡು ಸೊಟ್ಟಗಾಗುತ್ತದೆ.

ಆಮೇಲೆ ಒಳಬದಿಗೆ ಬಲಕ್ಕಾಗಿ 1.6 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟ್ ಬೆಸೆಸಿ. ಇದನ್ನು ಬಿಡಲೇಬೇಡಿ. ಅದು ಬಿರುಕಿನಾಚೆ ಸುತ್ತಲೂ 50 ಮಿ.ಮೀ. ಚಾಚಿರಲಿ, ಮೂಲೆಗಳು ದುಂಡಗಿರಲಿ; ಚೂಪು ಮೂಲೆಯೇ ಮುಂದಿನ ಬಿರುಕಿನ ಬೀಜ. ಕೊನೆಗೆ ತುಕ್ಕು ತಡೆಯಲು ತಗಡಿಗೆ ಎಪಾಕ್ಸಿ ಪ್ರೈಮರ್, ಬಾಗಿಲೊಳಗಿನ ಟೊಳ್ಳಿಗೆ ವ್ಯಾಕ್ಸ್. ನೀರಿಳಿಯುವ ತೂತು ಮುಚ್ಚದಿರಲಿ. ಬರೀ ಪುಟ್ಟಿ ಬಳಿದರೆ ಬಿರುಕು ಒಳಗೊಳಗೇ ಬೆಳೆಯುತ್ತದೆ.

ಬಾಗಿಲ ರಬ್ಬರ್ ಬಫರಿನ ಮೇಲೆ ಕಾಗದವಿಟ್ಟು ಬಾಗಿಲು ಮುಚ್ಚಿ, ಕಾಗದವನ್ನು ಎಳೆದು ನೋಡಿ. ಸಲೀಸಾಗಿ ಬಂದರೆ ಬಾಗಿಲು ಅಲುಗುತ್ತಿದೆ: ಬಫರ್ ಬದಲಿಸಿ, ಲಾಕಿನ ಸ್ಟ್ರೈಕರ್ (ಲಾಕ್ ಸಿಕ್ಕಿಕೊಳ್ಳುವ ಕೊಂಡಿ) ಹೊಂದಿಸಿ, ಹಿಂಜ್ ಪಿನ್ ಸವೆದಿದೆಯೇ ನೋಡಿಸಿ. ಕಂಪನಿ ಅಳತೆಗಿಂತ ದೊಡ್ಡ ಟೈರನ್ನು ಅಲ್ಲಿ ತೂಗುಹಾಕಬೇಡಿ.