ಮೈಸೂರು ಸಿಲ್ಕ್ ಸೀರೆ ಮೈಮೇಲೆ ಅಷ್ಟು ಮೆತ್ತಗೆ ಇಳಿಯೋದು ಯಾಕೆ?

ಹುರಿ ಕಾರಣ, ಅಂದ್ರೆ ನೂಲಿಗೆ ಕೊಡೋ ತಿರುವು. 1912ರಲ್ಲಿ ಶುರುವಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೇಲಿ ಅಡ್ಡ ಎಳೆನ, ಅಂದ್ರೆ ಹೊಕ್ಕನ್ನ, ಬಿಗಿಯಾಗಿ ಹುರಿ ಮಾಡಿ, ಒಂದಷ್ಟು ಎಡಕ್ಕೆ ಒಂದಷ್ಟು ಬಲಕ್ಕೆ ತಿರುಚಿ ನೇಯ್ತಾರೆ, ಆಗ ಬಟ್ಟೆ ಬಿರುಸಾಗೇ ಇರತ್ತೆ, ಯಾಕಂದ್ರೆ ರೇಷ್ಮೆ ಹುಳದ ಅಂಟು ಇನ್ನೂ ಹೋಗಿರಲ್ಲ. ಆಮೇಲೆ ಸೋಪು ನೀರಲ್ಲಿ ಕುದಿಸ್ತಾರೆ ನೋಡಿ, ಅಲ್ಲೇ ಇರೋದು ಮಜಾ: ಅಂಟು ಕರಗಿ ಹೋಗತ್ತೆ (ರೇಷ್ಮೆ ತೂಕದಲ್ಲೇ ಹತ್ತಿರ ಹತ್ತಿರ ಕಾಲು ಭಾಗ!), ಹಿಡಿತ ತಪ್ಪಿದ ಎಳೆಗಳು ಹುರಿ ಬಿಚ್ಕೊಳ್ಳೋಕೆ ಹೋಗಿ ಸುರುಟ್ಕೊಂಡು ಬಟ್ಟೆ ತುಂಬ ಕಂಡೂ ಕಾಣದ ಹಾಗೆ ಸಣ್ಣ ತರಿ ಏಳತ್ತೆ. ಇದನ್ನೇ ಕ್ರೇಪ್ ಅನ್ನೋದು; ಅಂಟಿನ ಬಿರುಸು ಹೋಗಿ, ಎಳೆಗಳು ಹೀಗೆ ಸುರುಟ್ಕೊಂಡಿರೋದ್ರಿಂದ್ಲೇ ಸೀರೆ ಮೈಮೇಲೆ ಮೆತ್ತಗೆ ಇಳಿಯೋದು. ನಮ್ಮ ತೀರ್ಥಹಳ್ಳಿ ಮನೇಲಿ ಅಮ್ಮನ ಹರಿದ ಸೀರೆಯಿಂದ ಒಂದು ಅಡ್ಡ ಎಳೆ ಎಳೆದು ನೋಡಿದ್ದೆ, ಸ್ಪ್ರಿಂಗ್ ತರ ಸುತ್ಕೊಂಡ್ಬಿಡ್ತು.