ಅಪ್ಪನ ಮಾರುತಿ 800: ಇಂಜಿನ್ ಅಲ್ಲ, ತಗಡು ನೋಡಿ

ಕಾಪುವಿನ ಓದುಗರೊಬ್ಬರು ಬರೆದಿದ್ದಾರೆ: ಕಳೆದ ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ತಂದೆ ತೀರಿಕೊಂಡರು. ಅವರ 2008ರ ಮಾರುತಿ 800 ಏಳು ತಿಂಗಳಿಂದ ಅಂಗಳದಲ್ಲಿ ಟಾರ್ಪಾಲು ಹೊದ್ದು ನಿಂತಿದೆ. ಅಮ್ಮನಿಗೆ ಕೊಡಲು ಮನಸ್ಸಿಲ್ಲ. ದುಬೈಯಲ್ಲಿರುವ ಅಣ್ಣ ‘ಗುಜರಿಗೆ ಹಾಕು’ ಎನ್ನುತ್ತಾರೆ. ‘ತಂದೆ ಸಹಿ ಹಾಕಿಟ್ಟ ಖಾಲಿ ಫಾರಂ ಇದ್ದರೆ ಸಾಕು, ಹದಿನೆಂಟು ಸಾವಿರ ಕೊಡುತ್ತೇನೆ’ ಎಂದು ಒಬ್ಬರು ಕೇಳುತ್ತಿದ್ದಾರೆ. ನಮ್ಮದು ಅಳಿಯಕಟ್ಟು (ತಾಯಿಯ ಕಡೆಯಿಂದ ಹಕ್ಕು ಇಳಿಯುವ) ಕುಟುಂಬ, ಹಕ್ಕು ಯಾರದ್ದು ಎಂಬುದೂ ಗೊತ್ತಿಲ್ಲ. ಏನು ಮಾಡಲಿ?

ಉತ್ತರ:

ಆ ಹದಿನೆಂಟು ಸಾವಿರದ ಮಾತನ್ನು ಇವತ್ತೇ ಬಿಡಿ. ತೀರಿಕೊಂಡವರ ಸಹಿಯ ಮೇಲೆ ಈಗಿನ ತಾರೀಕು ಬರೆದು ಫಾರಂ 29, 30 (ಮಾರಾಟದ ಹೆಸರು ಬದಲಾವಣೆಯ ಅರ್ಜಿಗಳು) ಕೊಡುವುದು ಸುಳ್ಳು ದಾಖಲೆ. ಅದಕ್ಕಿಂತ ಹೆಚ್ಚಾಗಿ, ಕೊಂಡವರು ಹೆಸರು ಬದಲಿಸದೆ ಓಡಿಸಿ ಯಾರಿಗಾದರೂ ಗುದ್ದಿದರೆ ನೋಟಿಸು ಬರುವುದು ನಿಮ್ಮ ಮನೆಗೆ.

ಹಕ್ಕಿನ ವಿಷಯ ನೀವು ಹೆದರಿದಷ್ಟು ಜಟಿಲವಲ್ಲ. ತಂದೆ ಸ್ವಂತ ದುಡಿದು ಕೊಂಡ ಕಾರು, ಉಯಿಲು ಇಲ್ಲ ಎಂದಾದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಪತ್ನಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು ಮತ್ತು ಬದುಕಿದ್ದರೆ ಅಜ್ಜಿ (ತಂದೆಯ ತಾಯಿ) ಸಮಾನ ಹಕ್ಕುದಾರರು. ಅಳಿಯಕಟ್ಟು ಎಂಬ ಕಾರಣಕ್ಕೆ ಈ ಪಟ್ಟಿ ಬದಲಾಗುವುದಿಲ್ಲ. ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಬಿಡಬೇಡಿ. ಅರ್ಜಿ ಹೆಚ್ಚಾಗಿ ಸಿಕ್ಕಿಬೀಳುವುದು ಅಲ್ಲೇ.

ಕಾರನ್ನು ಇಟ್ಟುಕೊಳ್ಳಲಿ, ಮಾರಲಿ, ಗುಜರಿಗೆ ಹಾಕಲಿ, ಮೊದಲು ಬೇಕಾಗುವುದು ಒಂದೇ ಕಡತ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷದ ದೃಢೀಕರಣ, ಉಳಿದ ಹಕ್ಕುದಾರರೆಲ್ಲರ ಒಪ್ಪಿಗೆಯ ಅಫಿಡವಿಟ್, ಮೂಲ ಆರ್‌ಸಿ, ಹೆಸರು ಬದಲಿಸುವುದಾದರೆ ಜೊತೆಗೆ ಚಾಲ್ತಿಯಲ್ಲಿರುವ ವಿಮೆ, ಎಮಿಷನ್ ಸರ್ಟಿಫಿಕೇಟು ಮತ್ತು ಫಾರಂ 31 (ವಾರಸುದಾರರ ಹೆಸರಿಗೆ ಮಾಡಿಸುವ ಅರ್ಜಿ). ದುಬೈಯ ಅಣ್ಣ ತಮ್ಮ ಅಫಿಡವಿಟನ್ನು ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಲಿ, ವಾಟ್ಸ್ಆ್ಯಪ್ ಫೋಟೊ ನಡೆಯದು. ನಿಯಮದ ಪ್ರಕಾರ ಮರಣದ 30 ದಿನದೊಳಗೆ ಆರ್‌ಟಿಒಗೆ ತಿಳಿಸಿದರೆ ಮೂರು ತಿಂಗಳು ಹಳೆ ಹೆಸರಿನಲ್ಲೇ ಓಡಿಸಬಹುದಿತ್ತು, ಅಷ್ಟರೊಳಗೆ ಫಾರಂ 31 ಕೊಡಬೇಕಿತ್ತು. ನಿಮ್ಮದು ತಡವಾಗಿದೆ. ಅದಕ್ಕೆ ಶುಲ್ಕ ಬೀಳುತ್ತದೆ, ದಾರಿಯೇನೂ ಮುಚ್ಚಿಲ್ಲ.

ಆರ್‌ಸಿಯನ್ನು ಬೆಳಕಿಗೆ ಹಿಡಿದು ‘ಹೈಪೋತಿಕೇಶನ್’ (ಸಾಲಕ್ಕೆ ಬ್ಯಾಂಕಿನಲ್ಲಿ ಅಡವು) ಎಂಬ ಸಾಲು ಇದೆಯೇ ನೋಡಿ. ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ 2008ರ ಹೊತ್ತಿನ ಕಾರು ಸಾಲ ಎಂದರೆ ಬಹುಪಾಲು ಸಿಂಡಿಕೇಟ್, ಕಾರ್ಪೊರೇಷನ್, ಇಲ್ಲವೇ ವಿಜಯಾ ಬ್ಯಾಂಕು. ಸಾಲ ತೀರಿ ಹತ್ತು ವರ್ಷ ಕಳೆದಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಉಳಿದಿರುತ್ತದೆ. ಅದನ್ನು ತೆಗೆಸದೆ ಹೆಸರು ಬದಲಾಗದು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಸಾಲದ ಖಾತೆ ಸಂಖ್ಯೆ ಹುಡುಕಿಕೊಂಡು ಈಗಿನ ಬ್ಯಾಂಕಿಗೆ ಹೋಗಿ, ನಿರಾಕ್ಷೇಪಣಾ ಪತ್ರ ಮತ್ತು ಮೊಹರು ಹಾಕಿದ ಫಾರಂ 35 (ಅಡವು ತೆಗೆಸುವ ಅರ್ಜಿ) ತನ್ನಿ.

ವಿಮೆ: ಮಾಲೀಕರು ತೀರಿಕೊಂಡರೆ ಪಾಲಿಸಿ ಮೂರು ತಿಂಗಳು ಅಥವಾ ಅದರ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ. ಅಂದರೆ ಈಗ ನಿಮ್ಮ ಕಾರಿಗೆ ರಸ್ತೆಯಲ್ಲಿ ರಕ್ಷಣೆ ಇಲ್ಲ. ‘ಗ್ಯಾರೇಜಿಗೆ ಎರಡೇ ಕಿಲೋಮೀಟರ್’ ಎಂದು ಹೆದ್ದಾರಿಗೆ ಇಳಿಸಬೇಡಿ. ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ. ತಂದೆಗೆ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ಸಿಗುವ ವಿಮೆ ರಿಯಾಯಿತಿ) ಇದ್ದರೆ ಕಾರು ಪಡೆಯುವ ಪತ್ನಿಗೋ ಮಕ್ಕಳಿಗೋ ಅದು ಸಿಗುತ್ತದೆ. ಕೇಳದೆ ಯಾರೂ ಕೊಡುವುದಿಲ್ಲ.

ಇನ್ನು ಕಾರು. ಮೊದಲು ಆ ಟಾರ್ಪಾಲು ಕಿತ್ತು ಬಿಸಾಡಿ. ಸಮುದ್ರದ ಉಪ್ಪು ಗಾಳಿಯ ಊರಿನಲ್ಲಿ ಟಾರ್ಪಾಲಿನೊಳಗೆ ನೆಲದ ಹಸಿ ಏರಿ ಬೆವರಿದಂತೆ ನಿಲ್ಲುತ್ತದೆ, ತಗಡು ಒಳಗಿಂದ ಕೊರೆಯುತ್ತದೆ. 800ರ ಇಂಜಿನ್ ಮೂರು ಸಿಲಿಂಡರಿನ 796 ಸಿಸಿ. ಇಷ್ಟು ಸರಳ ಇಂಜಿನ್ನಿಗೆ ಪರಿಹಾರ ಯಾವಾಗಲೂ ಉಂಟು. ತುಕ್ಕು ಹಿಡಿದ ಕಾರಿನ ಮೈಗೆ ಇಲ್ಲ. ಆದ್ದರಿಂದ ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚು ಹಿಡಿದು ಶುರುಮಾಡಿ. ಮುಂದಿನ ಮ್ಯಾಟು, ಅದರಡಿಯ ಕಾರ್ಪೆಟ್ ಎತ್ತಿ ಚಾಲಕನ ಹಿಮ್ಮಡಿ ಊರುವ ಜಾಗವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿಯಿರಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಸತ್ತ ತಗಡು ಒದ್ದೆ ರಟ್ಟಿನಂತೆ ಡಬ್ ಎನ್ನುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅದರ ಗುಂಡಿ ನೋಡಿ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡನ್ನು, ಮುಖ್ಯವಾಗಿ ಜಾಕ್ ಕೊಡುವ ಜಾಗವನ್ನು, ತುದಿಯಿಂದ ಒತ್ತಿ. ಕೊನೆಗೆ ಬಾನೆಟ್ ಎತ್ತಿ ಎರಡೂ ಬದಿಯ ಶಾಕ್ ಅಬ್ಸಾರ್ಬರಿನ ತಲೆ ಬೋಲ್ಟಾಗುವ ತಗಡು ನೋಡಿ. ಕಾರ್ಪೆಟ್ಟಿನಡಿ ಅಂಗೈಯಗಲ ತೂತಾಗಿದ್ದರೆ ತೇಪೆ ವೆಲ್ಡಿಂಗ್ ಸಾಕು. ಜಾಕ್ ಪಾಯಿಂಟ್ ಒಳಕ್ಕೆ ಕುಸಿದಿದ್ದರೆ ಅಥವಾ ಶಾಕ್ ತಲೆಯ ಸುತ್ತ ಬಿರುಕಿದ್ದರೆ ಇಂಜಿನ್ನಿಗೆ ಒಂದು ರೂಪಾಯಿಯೂ ಹಾಕಬೇಡಿ.

ತಗಡು ಪಾಸಾದರೆ ಮಾತ್ರ ಸ್ಟಾರ್ಟ್ ಮಾಡುವ ಮಾತು. ಕೀಲಿ ಹಾಕಿ ತಿರುಗಿಸುವ ಆಸೆ ಬೇಡ. ಮೊದಲು ಏರ್ ಫಿಲ್ಟರ್ ಡಬ್ಬಿ ಬಿಚ್ಚಿ: ಇಲಿ ಗೂಡು ಕಟ್ಟಿರುವುದು, ಪಕ್ಕದ ವೈರು ಕಡಿದಿರುವುದು ನಮ್ಮಲ್ಲಿ ತೀರಾ ಸಾಮಾನ್ಯ. ಹ್ಯಾಂಡ್ ಬ್ರೇಕ್ ಎಳೆದೇ ಇಟ್ಟಿದ್ದರೆ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ಅಂಟಿರುತ್ತದೆ. ಚಕ್ರ ಕಳಚಿ ಡ್ರಮ್ಮಿನ ಸುತ್ತ ಮರದ ಸುತ್ತಿಗೆಯಿಂದ ಮೆಲ್ಲ ಬಡಿದು ಬಿಡಿಸಿ. ಟ್ಯಾಂಕಿನ ಪೆಟ್ರೋಲು ಪೂರ್ತಿ ಇಳಿಸಿ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ಹಸಿ ಹೀರಿ ನೀರಿನೊಂದಿಗೆ ತಳಕ್ಕೆ ಇಳಿಯುತ್ತದೆ, ಪಂಪು ಎಳೆಯುವುದು ಆ ತಳದಿಂದಲೇ. 2008ರ ರಬ್ಬರ್ ಪೈಪುಗಳನ್ನು ಬಗ್ಗಿಸಿ ನೋಡಿ, ಬಿರುಕಿದ್ದರೆ ಎಲ್ಲವನ್ನೂ ಬದಲಿಸಿ. ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ತೂತಿಗೆ ಒಂದು ಟೀ ಚಮಚ ಇಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೆಯೇ ಇಡಿ. ಮರುದಿನ ಪ್ಲಗ್ ಹಾಕದೆ ಟಾಪ್ ಗೇರಿನಲ್ಲಿ ಕಾರನ್ನು ಕೈಯಿಂದ ತಳ್ಳಿ. ಇಂಜಿನ್ ಸಲೀಸಾಗಿ ತಿರುಗಿದರೆ ಹೊಸ ಆಯಿಲ್, ಫಿಲ್ಟರ್, ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿ. ಬ್ರೇಕ್ ಆಯಿಲ್ ಬದಲಿಸದೆ ಗೇಟು ದಾಟಬೇಡಿ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 1217 ಎಂದರೆ 2017ರ ಹನ್ನೆರಡನೇ ವಾರದ್ದು, ಮೇಲಿನ ಗೀರು (ಟ್ರೆಡ್) ಎಷ್ಟೇ ಚೆನ್ನಾಗಿ ಕಂಡರೂ ಅದರ ಆಯುಷ್ಯ ಮುಗಿದಿದೆ.

ಲೆಕ್ಕಕ್ಕೆ ಇನ್ನೊಂದು ಮಾತು. 2023ರಲ್ಲಿ ತಂದೆ ಆರ್‌ಸಿ ನವೀಕರಿಸಿದ್ದರೆ ಅದು 2028ರವರೆಗೆ. ಆಗ ಕಾರಿಗೆ 20 ವರ್ಷ ದಾಟುತ್ತದೆ. 15 ದಾಟಿದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ ಇತ್ತು, 20 ದಾಟಿದವಕ್ಕೆ 2025ರಿಂದ 10,000. ನವೀಕರಿಸಿಯೇ ಇಲ್ಲ ಎಂದಾದರೆ ತಿಂಗಳಿಗೆ 500ರಂತೆ ವಿಳಂಬ ಶುಲ್ಕವೂ ಏರುತ್ತಿದೆ.

ತಗಡು ಸೋತಿದ್ದರೆ ನಿಮ್ಮ ಅಣ್ಣನ ಮಾತೇ ಸರಿ, ಆದರೆ ರಸ್ತೆ ಬದಿಯ ಗುಜರಿ ಅಂಗಡಿಗಲ್ಲ. ಸರಕಾರದಲ್ಲಿ ನೋಂದಾಯಿತ ವಾಹನ ಗುಜರಿ ಕೇಂದ್ರಕ್ಕೆ ಅದೇ ವಾರಸುದಾರಿಕೆಯ ಕಡತದೊಂದಿಗೆ ಕೊಟ್ಟು ಠೇವಣಿ ಪ್ರಮಾಣಪತ್ರ (ಕಾರನ್ನು ಗುಜರಿಗೆ ಒಪ್ಪಿಸಿದ್ದಕ್ಕೆ ಕೊಡುವ ‘ಸರ್ಟಿಫಿಕೇಟ್ ಆಫ್ ಡೆಪಾಸಿಟ್’) ಪಡೆಯಿರಿ. ಹೊಸ ಕಾರು ಕೊಳ್ಳುವಾಗ ಅದರಿಂದ ನೋಂದಣಿ ಶುಲ್ಕ ಉಳಿಯುತ್ತದೆ, ರಸ್ತೆ ತೆರಿಗೆಯಲ್ಲೂ ರಿಯಾಯಿತಿ ಇದೆ. ಆರ್‌ಸಿ ರದ್ದಾಗಿದೆಯೇ ಎಂದು ವಾಹನ್ ಜಾಲತಾಣದಲ್ಲಿ ನೀವೇ ನೋಡಿ ಖಚಿತಪಡಿಸಿಕೊಳ್ಳಿ.

ಅಮ್ಮ ಕೊಡಲು ಒಪ್ಪದಿದ್ದರೆ ಅವಸರ ಬೇಡ. ಕಾರನ್ನು ಅವರ ಹೆಸರಿಗೇ ಮಾಡಿಸಿ. ಬ್ಯಾಟರಿ ಕಳಚಿ, ಹ್ಯಾಂಡ್ ಬ್ರೇಕ್ ಬಿಟ್ಟು ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ನಾಲ್ಕು ಬದಿ ಗಾಳಿಯಾಡುವ ಶೀಟಿನ ಮಾಡಿನಡಿ ನಿಲ್ಲಿಸಿ. ತೆಂಗಿನ ಮರದ ಬುಡದಲ್ಲಂತೂ ಬೇಡ. ಕೊಡುವುದೇ ಆದರೆ ಫಾಸ್ಟ್ಯಾಗ್ ಕಿತ್ತು ಅದರ ಖಾತೆ ಮುಚ್ಚಿಸಿ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯನ್ನು ಅಮ್ಮನೇ ಕುಳಿತು ಖಾಲಿ ಮಾಡಲಿ. ಎರಡನೇ ಕೀಲಿ, ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ಲು, ಸಾಲ ತೀರಿದ ಪತ್ರ ಸಿಗುವುದು ಹೆಚ್ಚಾಗಿ ಅಲ್ಲೇ.