ಪಂದ್ಯದ ರಾತ್ರಿ ಆ ಸಿಗಾರ್ ಹಚ್ಚಬೇಡಿ

ನೀವು ಕೇಳಿದ್ದು ಇಷ್ಟು: ಮಸ್ಕತ್‌ನಲ್ಲಿದ್ದ ಭಾವ ಆರು ವರ್ಷದ ಹಿಂದೆ ಕೊಟ್ಟ ಕ್ಯೂಬಾ ಸಿಗಾರ್ ಪೆಟ್ಟಿಗೆ ಉಪ್ಪಳದ ಮನೆಯ ಕಪಾಟಿನಲ್ಲಿ ಹಾಗೇ ಉಳಿದಿದೆ. ಅದು ಹಾಳಾಗಿದೆಯೋ ಹದಕ್ಕೆ ಬಂದಿದೆಯೋ ತಿಳಿಯುವುದು ಹೇಗೆ, ಜೊತೆಗೆ ಯಾವ ವಿಸ್ಕಿ, ಐಪಿಎಲ್ ಫೈನಲ್ ರಾತ್ರಿ ನಾಲ್ಕು ಗೆಳೆಯರನ್ನು ಕರೆದು ಹಚ್ಚಿದರೆ ಹೇಗೆ?

ಕೊನೆಯದಕ್ಕೇ ಮೊದಲು ಉತ್ತರ ಹೇಳುತ್ತೇನೆ. ಉಳಿದ ಎರಡರಲ್ಲಿ ತಪ್ಪಾದರೆ ಸರಿಪಡಿಸಿಕೊಳ್ಳಬಹುದು, ಇದರಲ್ಲಿ ಆಗುವುದಿಲ್ಲ. ಫೈನಲ್ ರಾತ್ರಿ ಬೇಡ. ಪಂದ್ಯ ಮುಗಿದು ಒಂದು ವಾರ ಕಳೆಯಲಿ. ಟಿವಿ ಇಲ್ಲದ ಕಡೆ ಕೂತು ಆ ಪಂದ್ಯವನ್ನು ಮಾತಿನಲ್ಲಿ ಇನ್ನೊಮ್ಮೆ ಆಡುವಾಗ ಹಚ್ಚಿ.

ನಾನೂ ನಿಮ್ಮ ಹಾಗೆ ಕೇರಳದ ಕಾಸರಗೋಡು ಜಿಲ್ಲೆಯವನೇ, ಬದಿಯಡ್ಕದ ಕಡೆಯವನು. ಹದಿನಾಲ್ಕು ವರ್ಷ ದುಬೈಯಲ್ಲಿದ್ದು 2019ರಲ್ಲಿ ತೋಟ ನೋಡಿಕೊಳ್ಳಲು ಊರಿಗೆ ಬಂದೆ. ಬರುವಾಗ 25ರ ಒಂದು ಪೆಟ್ಟಿಗೆ ತಂದಿದ್ದೆ, ಸುಂಕವಿಲ್ಲದೆ ತರಲು ಬಿಡುವುದೂ ಅಷ್ಟೇ. ವರ್ಷಕ್ಕೆ ಮೂರೋ ನಾಲ್ಕೋ ಹಚ್ಚುತ್ತಾ ಬಂದು, 2025ರ ಜೂನ್ 3ರ ರಾತ್ರಿ ಉಳಿದಿದ್ದ ಕೆಲವುಗಳಲ್ಲಿ ಒಂದನ್ನು ತೆಗೆದೆ. ಹದಿನೆಂಟು ವರ್ಷ ಕಾದ ಆರ್‌ಸಿಬಿ ಫೈನಲ್ ಆಡುವಾಗ ಅದಕ್ಕಿಂತ ಒಳ್ಳೆಯ ಮುಹೂರ್ತ ಎಲ್ಲಿ ಸಿಗುತ್ತದೆ ಎಂದುಕೊಂಡಿದ್ದೆ. ಬೆಂಗಳೂರಿನವರು 190 ಹೊಡೆದಿದ್ದರು. ಕೃಣಾಲ್ ಪಾಂಡ್ಯ ಬೌಲಿಂಗಿಗೆ ಬಂದಾಗ ಸಿಗಾರ್ ಬೂದಿಬಟ್ಟಲಿನ ಮೇಲೆ ಕೂತಿತ್ತು, ಆರಿತು. ಮತ್ತೆ ಹಚ್ಚಿದೆ. ಮತ್ತೆ ಆರಿತು. ಕೊನೆಯ ಓವರಿನಲ್ಲಿ ಪಂಜಾಬಿಗೆ 29 ಬೇಕಿದ್ದಾಗ ಶಶಾಂಕ್ ಸಿಂಗ್ ಸಿಕ್ಸರಿನ ಮೇಲೆ ಸಿಕ್ಸರ್ ಎತ್ತುತ್ತಿದ್ದರು, ನಾನು ಎದ್ದು ನಿಂತಿದ್ದೆ. 6 ರನ್ನಿನಿಂದ ಗೆದ್ದೆವು. ಕೂತು ನೋಡಿದರೆ ಕೈಯಲ್ಲಿ ಕಹಿಯಾದ ತುಂಡು. ಆರು ವರ್ಷ ಕಾಪಾಡಿದ ವಸ್ತುವಿನ ರುಚಿ ಏನಿತ್ತೆಂದು ಇವತ್ತಿಗೂ ನನಗೆ ನೆನಪಿಲ್ಲ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಒಂದು ರೊಬಸ್ಟೊ, ಅಂದರೆ ಐದು ಇಂಚಿನ ದಪ್ಪ ಸಿಗಾರ್, ಸರಿಯಾಗಿ ಸೇದಿದರೆ ಒಂದು ಗಂಟೆ ಹತ್ತಿರ ಬರುತ್ತದೆ. ನಿಮಿಷಕ್ಕೆ ಒಂದು ಎಳೆತ, ಅದಕ್ಕಿಂತ ಹೆಚ್ಚಿದರೆ ಎಲೆ ಬಿಸಿಯಾಗಿ ಕಹಿ ಬಿಡುತ್ತದೆ, ಕಡಿಮೆಯಾದರೆ ಆರುತ್ತದೆ. ಈ ನಿಧಾನದ ತಾಳಕ್ಕೆ ಮಾತು ಹೊಂದುತ್ತದೆ, ಟಿ20 ಹೊಂದುವುದಿಲ್ಲ.

ಈಗ ನಿಮ್ಮ ಪೆಟ್ಟಿಗೆ. ನಮ್ಮ ಕಡೆಯವರಿಗೆ ಇದನ್ನು ಅಡಿಕೆಯಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊದ ಧಾರಣೆ ಪಟ್ಟಿಯಲ್ಲಿ ಹೊಸ ಅಡಿಕೆಗೆ ಒಂದು ರೇಟು, ಹಳೆಯದಾದ ಸಿಂಗಲ್ ಚೋಲಿಗೆ ಇನ್ನೊಂದು, ಅದಕ್ಕೂ ಹಳೆಯ ಡಬಲ್ ಚೋಲಿಗೆ ಮತ್ತೊಂದು. ಚೆನ್ನಾಗಿ ಒಣಗಿಸಿ ಜಾಗ್ರತೆಯಿಂದ ಇಟ್ಟ ಅಡಿಕೆ ವರ್ಷ ಕಳೆದಂತೆ ಏರುತ್ತದೆ. ಹಸಿ ಇರುವಾಗಲೇ ಕಟ್ಟಿಟ್ಟದ್ದು ಬೂಷ್ಟು ಹಿಡಿಯುತ್ತದೆ. ಸಿಗಾರಿನದ್ದೂ ಅದೇ ಕಥೆ. ಹೊಗೆಸೊಪ್ಪನ್ನು ರಾಶಿ ಹಾಕಿ ಹುದುಗು ಬರಿಸುವಾಗ ಅಮೋನಿಯಾ ಹುಟ್ಟುತ್ತದೆ, ಹೊಸ ಸಿಗಾರಿನಲ್ಲಿ ಮೂಗಿಗೆ ಚುರುಕ್ಕೆನ್ನುವುದು ಅದರ ಉಳಿಕೆ. ಪೆಟ್ಟಿಗೆಯೊಳಗೆ ವರ್ಷಗಳ ಮೇಲೆ ಅದು ಮೆಲ್ಲಗೆ ಹೋಗುತ್ತದೆ, ಒಳಗಿನ ಬೇರೆಬೇರೆ ಎಲೆಗಳ ರುಚಿ ಒಂದಕ್ಕೊಂದು ಬೆರೆಯುತ್ತದೆ, ಗಡಸು ಇಳಿಯುತ್ತದೆ.

ಆದರೆ ಆರು ವರ್ಷ ಕಪಾಟಿನಲ್ಲಿ ಇದ್ದ ಮಾತ್ರಕ್ಕೆ ಹಳೆಯದಾಯಿತೇ ಹೊರತು ಹದವಾಯಿತು ಎಂದಲ್ಲ. ಹೊರದೇಶದವರು ಬರೆಯುವ ಸಲಹೆಗಳಲ್ಲಿ ಮುಕ್ಕಾಲು ಪಾಲು ಸಿಗಾರಿಗೆ ತೇವ ಕೊಡುವುದು ಹೇಗೆ ಎಂಬುದರ ಬಗ್ಗೆ. ಅವರ ಮನೆಗಳು ಒಣಗುತ್ತವೆ. ನಮ್ಮಲ್ಲಿ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು, ದೇವರ ಕೋಣೆಯ ಬತ್ತಿಯೂ ಒದ್ದೆ. ನಮ್ಮ ಕೆಲಸ ತೇವವನ್ನು ಹೊರಗಿಡುವುದು. 2016ರಲ್ಲಿ ರಜೆಗೆ ಬಂದಾಗ ನಾನು ಒಂದು ಪೆಟ್ಟಿಗೆಯನ್ನು ಮೇಲ್ಮಾಳಿಗೆಯ ಮರದ ಪೆಟ್ಟಿಗೆಯೊಳಗೆ ಇಟ್ಟು ಹೋಗಿದ್ದೆ, ಮರದ್ದು ಒಳ್ಳೆಯದೆಂದು ಅಂಗಡಿಯವರು ಹೇಳಿದ್ದರು. ಮುಂದಿನ ವರ್ಷ ತೆರೆದಾಗ ಇಪ್ಪತ್ತೈದೂ ಹಸಿರು. ಅಷ್ಟನ್ನೂ ತೆಂಗಿನ ಬುಡಕ್ಕೆ ಹಾಕಿದೆ.

ನೀವು ಮಾಡಬೇಕಾದ್ದು: ಹಗಲು ಬೆಳಕಿನಲ್ಲಿ ಒಂದೊಂದನ್ನೇ ಎತ್ತಿ ನೋಡಿ. ಹೊರಮೈಯಲ್ಲಿ ಸೂಜಿ ಚುಚ್ಚಿದಂತೆ ತೂತು, ಅಡಿಯಲ್ಲಿ ಕಂದು ಹುಡಿ ಇದ್ದರೆ ಕುಟ್ಟೆ ಹಿಡಿದಿದೆ. ಹೊಗೆಸೊಪ್ಪಿಗೇ ಬರುವ ಸಣ್ಣ ದುಂಬಿ ಅದು, ಮೊಟ್ಟೆ ಎಲೆಯಲ್ಲೇ ಇರುತ್ತದೆ, ಸೆಕೆ 25 ಡಿಗ್ರಿ ದಾಟಿ ತೇವವೂ ಸೇರಿದರೆ ಒಡೆಯುತ್ತದೆ. ತೂತು ಬಿದ್ದದ್ದನ್ನು ಬಿಸಾಡಿ, ಉಳಿದದ್ದನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಮೂರು ದಿನ ಫ್ರೀಜರ್‌ನಲ್ಲಿ, ಆಮೇಲೆ ಒಂದು ದಿನ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಇಟ್ಟು ಹೊರಗೆ ತೆಗೆಯಿರಿ. ಒಮ್ಮೆಗೇ ಹೊರಗೆ ತೆಗೆದರೆ ಮೇಲಿನ ಎಲೆ ಬಿರಿಯುತ್ತದೆ. ಇನ್ನು ಬೂಷ್ಟು. ಮೈಮೇಲೆ ಮಾತ್ರ ತೆಳ್ಳಗೆ ಬಿಳಿ ಇದ್ದರೆ ಒರೆಸಿ ಬೇರೆ ಇಡುವವರಿದ್ದಾರೆ. ಹಚ್ಚುವ ತುದಿಯ ಒಳಗೆ ಕಂಡರೆ, ಅಥವಾ ನೀಲಿ ಹಸಿರು ಬಣ್ಣ ಬಂದಿದ್ದರೆ, ಎಷ್ಟೇ ದುಬಾರಿಯದಾಗಿರಲಿ, ಆ ಹೊಗೆ ಬಾಯಿಗೆ ಬೇಡ.

ಇವೆರಡೂ ಇಲ್ಲದಿದ್ದರೆ ನಿಮ್ಮ ಅದೃಷ್ಟ ದೊಡ್ಡದು. ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಸ್ಪಂಜಿನಂತೆ ಮೆತ್ತಗಿದ್ದರೆ ತೇವ ಹೆಚ್ಚು, ಚರಚರ ಸದ್ದಾದರೆ ಒಣಗಿದೆ. ಎರಡಕ್ಕೂ ಮದ್ದು ಒಂದೇ: ರಬ್ಬರ್ ಅಂಚಿನ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, ಒಳಗೆ 65 ಶೇಕಡಾದ ತೇವಾಂಶದ ಪೊಟ್ಟಣ. ಆ ಪೊಟ್ಟಣ ಹೆಚ್ಚಿದ್ದನ್ನು ಹೀರುತ್ತದೆ, ಕಡಿಮೆಯಾದರೆ ಕೊಡುತ್ತದೆ. ಒಂದು ತಿಂಗಳಾದರೂ ಮುಟ್ಟಬೇಡಿ. ತೇವ ಅಳೆಯುವ ಸಣ್ಣ ಮೀಟರ್ ಕೊಂಡರೆ ಅದನ್ನು ಕಣ್ಣು ಮುಚ್ಚಿ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಹೊಯ್ಗೆಯಂತೆ ಆಗುವಷ್ಟೇ ನೀರು ಬೆರೆಸಿ, ಮೀಟರ್ ಜೊತೆ ಒಂದು ಚೀಲದಲ್ಲಿ ಮುಚ್ಚಿ ರಾತ್ರಿಯಿಡೀ ಇಡಿ. ಬೆಳಿಗ್ಗೆ 75 ತೋರಿಸಬೇಕು. 80 ತೋರಿಸಿದರೆ ಮುಂದೆ ಯಾವಾಗಲೂ ಐದು ಕಳೆದು ಓದಿ.

ವಿಸ್ಕಿಯ ವಿಷಯ ಇಷ್ಟು ಉದ್ದ ಇಲ್ಲ. ಹಳೆಯ ಸಿಗಾರ್ ಮೆತ್ತಗಾಗಿರುತ್ತದೆ, ಅದರ ಮೇಲೆ ಪೀಟ್ ಎಂಬ ಜೌಗು ಮಣ್ಣು ಸುಟ್ಟ ಹೊಗೆಯ ವಾಸನೆಯಿರುವ ಸ್ಕಾಚ್ ಸುರಿದರೆ ಆರು ವರ್ಷದ ನಯವೆಲ್ಲ ಒಂದು ಗುಟುಕಿಗೆ ಮುಚ್ಚಿಹೋಗುತ್ತದೆ. ಹೊಗೆ ಒಂದೇ ಕಡೆಯಿಂದ ಬರಲಿ. ನಾನು ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ತೆಗೆದುಕೊಳ್ಳುತ್ತೇನೆ, ಪೀಟ್ ಇಲ್ಲದ್ದು, ಒಂದೆರಡು ಚಮಚ ನೀರು ಬೆರೆಸಿ, ಐಸ್ ಇಲ್ಲದೆ. 2004ರಲ್ಲಿ ಅದನ್ನು ಮೊದಲು ಮಾರುಕಟ್ಟೆಗೆ ತಂದದ್ದು ಗ್ಲಾಸ್ಗೋದಲ್ಲಿ, ವಿಸ್ಕಿಯ ತವರಿನಲ್ಲೇ, ಎಂಬುದು ನನಗೆ ಬಹಳ ಹೆಮ್ಮೆಯ ಸಂಗತಿ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ 2 ಶೇಕಡಾದಷ್ಟು ಆವಿಯಾದರೆ ಬೆಂಗಳೂರಿನಲ್ಲಿ 10ರಿಂದ 12 ಹೋಗುತ್ತದೆ, ಆದ್ದರಿಂದ ಅಲ್ಲಿ ಹನ್ನೆರಡು ವರ್ಷ ಕಾಯುವುದನ್ನು ಇಲ್ಲಿ ಕೆಲವೇ ವರ್ಷಕ್ಕೆ ಇಳಿಸಬೇಕಾಗುತ್ತದೆ. ಇನ್ನೊಂದು ತಿಳಿದಿರಲಿ: ವಿಸ್ಕಿಗೆ ವಯಸ್ಸಾಗುವುದು ಪೀಪಾಯಿಯೊಳಗೆ ಮಾತ್ರ, ಬಾಟಲಿಗೆ ತುಂಬಿದ ಮೇಲೆ ನಿಂತುಹೋಗುತ್ತದೆ. ಸಿಗಾರಿಗೆ ಪೆಟ್ಟಿಗೆಯಲ್ಲೂ ನಡೆಯುತ್ತಲೇ ಇರುತ್ತದೆ. ಹಾಗಾಗಿ ಬಾಟಲಿಯನ್ನು ಉಳಿಸಿ ಉಳಿಸಿ ಇಡುವುದರಲ್ಲಿ ಅರ್ಥವಿಲ್ಲ. ನಮ್ಮಲ್ಲಿ ತಿಂಗಳ ಒಂದನೇ ತಾರೀಕು ಅಂಗಡಿ ತೆರೆಯುವುದಿಲ್ಲ, ಮೊದಲೇ ತಂದಿಡಿ. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಕಡಿಮೆಗೆ ಸಿಗುತ್ತದೆಂದು ಹೋಗಬೇಡಿ, ಬರುವಾಗ ಅಬಕಾರಿಯವರು ಹಿಡಿದರೆ ಕೇಸು. ಗೆಳೆಯರಲ್ಲಿ 23 ತುಂಬದವರಿದ್ದರೆ ಅವರಿಗೆ ಬೇಡವೇ ಬೇಡ, ಕೇರಳದ ಕಾನೂನು ಅದು.

ಊಟ ಮಾಡಿಯೇ ಕೂರಿ. ಖಾಲಿ ಹೊಟ್ಟೆಯಲ್ಲಿ ಸಿಗಾರ್ ತಲೆ ತಿರುಗಿಸುತ್ತದೆ, ಬೆವರು ಬರುತ್ತದೆ. ಮನೆಗೆ ಬಂದವರಿಗೆ ಹಿರಿಯರು ಬೆಲ್ಲ ನೀರು ಇಡುತ್ತಿದ್ದರಲ್ಲ, ಅದನ್ನೇ ಹತ್ತಿರ ಇಟ್ಟುಕೊಳ್ಳಿ. ತಲೆ ಸುತ್ತಿದಾಗ ಒಂದು ತುಂಡು ಬೆಲ್ಲ ಬಾಯಿಗೆ ಹಾಕಿದರೆ ತಕ್ಕಮಟ್ಟಿಗೆ ಸಮಾಧಾನವಾಗುತ್ತದೆ. ಮನೆಯೊಳಗೆ ಬೇಡ, ಮಕ್ಕಳಿರುವ ಕಡೆ ಬೇಡವೇ ಬೇಡ. ಜಗಲಿಯ ಆಚೆ ತುದಿಯಲ್ಲಿ ಕೂರಿ.

ಮತ್ತೆ ಮಾತು. ನನಗೆ ಈ ಇಡೀ ಏರ್ಪಾಡಿನಲ್ಲಿ ಅತಿ ಪ್ರಿಯವಾದದ್ದು ಅದು. ನಾವು ಕೂರುವುದು ನಾಲ್ವರು. ತಳಂಗರೆಯ ಗೆಳೆಯ ಸೇದುವುದೂ ಇಲ್ಲ, ಕುಡಿಯುವುದೂ ಇಲ್ಲ, ಸುಲೈಮಾನಿ, ಅಂದರೆ ಹಾಲಿಲ್ಲದ ಚಹಾ, ಹಿಡಿದು ಗಾಳಿಯ ಮೇಲ್ಬದಿಯಲ್ಲಿ ಕೂರುತ್ತಾನೆ, ಮಾತಿನಲ್ಲಿ ಅವನೇ ಮುಂದು. ಮಲಯಾಳದಲ್ಲಿ ಶುರು ಮಾಡಿ, ಸಿಟ್ಟು ಬಂದಾಗ ತುಳುವಿಗೆ ಇಳಿದು, ಅಂಕಿಅಂಶ ಹೇಳುವಾಗ ಕನ್ನಡಕ್ಕೆ ಬರುತ್ತಾನೆ. ಅವನ ಊರಿನ ಹುಡುಗ, ಕೇರಳ ತಂಡದ ಮೊಹಮ್ಮದ್ ಅಜರುದ್ದೀನ್ ನಮ್ಮ ಜಗಲಿಯ ಖಾಯಂ ವಿಷಯ. 2021ರ ಜನವರಿಯಲ್ಲಿ ವಾಂಖೆಡೆಯಲ್ಲಿ ಮುಂಬೈ ವಿರುದ್ಧ 54 ಎಸೆತಕ್ಕೆ ಔಟಾಗದೆ 137. ಅದನ್ನು ನೋಡಿ ಆರ್‌ಸಿಬಿ 20 ಲಕ್ಷಕ್ಕೆ ಕೊಂಡಿತು, ಆ ವರ್ಷ ಒಂದು ಪಂದ್ಯಕ್ಕೂ ಇಳಿಸಲಿಲ್ಲ. ನಾಲ್ಕು ವರ್ಷದ ಮೇಲೆ, 2025ರ ಫೆಬ್ರವರಿಯಲ್ಲಿ ಅಹಮದಾಬಾದಿನ ರಣಜಿ ಸೆಮಿಫೈನಲ್‌ನಲ್ಲಿ ಅದೇ ಅಜರುದ್ದೀನ್ 341 ಎಸೆತ ನಿಂತು ಔಟಾಗದೆ 177 ಹೊಡೆದರು. ಕೇರಳ 457. ಗುಜರಾತ್ ಒಂಬತ್ತು ವಿಕೆಟಿಗೆ 455ಕ್ಕೆ ಬಂದು ನಿಂತಾಗ ನಾಗವಾಸ್ವಾಲಾ ಬೀಸಿದ ಚೆಂಡು ಶಾರ್ಟ್ ಲೆಗ್‌ನಲ್ಲಿದ್ದ ಸಲ್ಮಾನ್ ನಿಸಾರ್ ಹೆಲ್ಮೆಟ್ಟಿಗೆ ಬಡಿದು ಮೇಲಕ್ಕೆ ಹಾರಿ ಸ್ಲಿಪ್‌ನಲ್ಲಿ ಸಚಿನ್ ಬೇಬಿ ಕೈಗೆ ಬಿತ್ತು. ಮೊದಲ ಇನಿಂಗ್ಸಿನಲ್ಲಿ ಎರಡು ರನ್ನಿನ ಮುನ್ನಡೆ, ಅದರ ಬಲದಲ್ಲೇ ಕೇರಳ ಮೊದಲ ಬಾರಿ ರಣಜಿ ಫೈನಲ್‌ಗೆ.

ಆ ಒಂದು ಕ್ಯಾಚಿನ ಮೇಲೆ ನಾವು ಒಂದು ಇಡೀ ಸಿಗಾರ್ ಮುಗಿಸಿದ್ದೇವೆ. ಕ್ಷೇತ್ರರಕ್ಷಕನ ಹೆಲ್ಮೆಟ್ಟಿಗೆ ತಾಗಿ ಬಂದ ಚೆಂಡನ್ನು ಹಿಡಿದರೆ ಔಟ್ ಎಂದು ನಿಯಮ ಬದಲಾದದ್ದು 2017ರಲ್ಲಿ. ಅದಕ್ಕೆ ಮುಂಚೆ ಆಗಿದ್ದರೆ ಅದು ಔಟಲ್ಲ. ಕಾಞಂಗಾಡಿನ ಮೇಷ್ಟ್ರು ಅದನ್ನು ಅದೃಷ್ಟ ಎನ್ನುತ್ತಾರೆ. ಅಷ್ಟು ಹತ್ತಿರ ನಿಲ್ಲುವ ಧೈರ್ಯ ಮಾಡಿದವನಿಗೆ ಬಂದದ್ದು ಅದೃಷ್ಟ ಹೇಗಾಗುತ್ತದೆ ಎಂಬುದು ನನ್ನ ವಾದ. ತಳಂಗರೆಯವನಿಗೆ ಇವೆರಡೂ ಬೇಡ, ಅವನ ನೋವೇ ಬೇರೆ: ಹರಾಜಿನಲ್ಲಿ ಬೆಲೆ ಬಂದದ್ದು 54 ಎಸೆತಕ್ಕೆ, 341 ಎಸೆತಕ್ಕೆ ಬೆಲೆ ಕಟ್ಟುವವರು ಯಾರು? ಈ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ, ಪ್ರತಿ ಸಲ ಅಲ್ಲಿಗೇ ಬಂದು ನಿಲ್ಲುತ್ತೇವೆ.

ಜೂನ್ 3ರ ಪಂದ್ಯದ ಮರುದಿನ ನಾವು ಕೂರಲಿಲ್ಲ. ಬೆಂಗಳೂರಿನ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನರ ಜೀವ ಹೋದ ಸುದ್ದಿ ಬಂದಿತ್ತು, ಯಾರಿಗೂ ಮನಸ್ಸಿರಲಿಲ್ಲ. ಎರಡು ವಾರ ಬಿಟ್ಟು, ಹೆಂಚಿನ ಮೇಲೆ ಮಳೆ ಹೊಡೆಯುವ ಸಂಜೆ ಇನ್ನೊಂದನ್ನು ತೆಗೆದೆ. ಆವತ್ತು ಮಾತು 2009ಕ್ಕೆ ಹೋಯಿತು. ಜೊಹಾನ್ಸ್‌ಬರ್ಗಿನ ಫೈನಲ್‌ನಲ್ಲಿ ನಮ್ಮ ಕುಂಬಳೆಯ ಹೆಸರು ಹೊತ್ತ ಅನಿಲ್ ಕುಂಬ್ಳೆ ನಾಯಕ, 16 ರನ್ನಿಗೆ 4 ವಿಕೆಟ್, ಪಂದ್ಯಶ್ರೇಷ್ಠ, ಆದರೂ ಡೆಕ್ಕನ್ ಚಾರ್ಜರ್ಸ್ ಎದುರು ಸೋಲು. ಎಷ್ಟು ರನ್ನಿಗೆ? 6. ಆಗ ಸೋತದ್ದೂ 6, ಈಗ ಗೆದ್ದದ್ದೂ 6. ಪಂದ್ಯದ ರಾತ್ರಿ ನಮ್ಮಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಹೊಳೆದದ್ದು ಮೇಷ್ಟ್ರಿಗೆ, ಸಿಗಾರ್ ಅರ್ಧಕ್ಕೆ ಬಂದಾಗ. ಆ ಸಿಗಾರಿನ ರುಚಿ ನನಗೆ ಚೆನ್ನಾಗಿ ನೆನಪಿದೆ: ಮೊದಲು ಹುರಿದ ಗೋಡಂಬಿ, ಆಮೇಲೆ ಹಳೆಯ ಮರದ ಪೆಟ್ಟಿಗೆ ತೆರೆದಾಗ ಬರುವ ವಾಸನೆ, ಕೊನೆಗೆ ಸ್ವಲ್ಪ ಜೀರಿಗೆಯ ಬಿಸಿ.

ಆರೋಗ್ಯದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳದೆ ಬಿಡಲಾರೆ. ಹೊಗೆಯನ್ನು ಒಳಗೆ ಎಳೆಯದಿದ್ದರೂ ಸಿಗಾರ್ ಬಾಯಿ, ಗಂಟಲಿನ ಕ್ಯಾನ್ಸರಿಗೆ ಕಾರಣವಾಗುತ್ತದೆ, ಮದ್ಯ ಸೇರಿದರೆ ಆ ಅಪಾಯ ಇನ್ನೂ ಹೆಚ್ಚುತ್ತದೆ. ನಾನು ವರ್ಷಕ್ಕೆ ಮೂರು ನಾಲ್ಕಕ್ಕೆ ನಿಲ್ಲಿಸಿರುವುದು ಅದಕ್ಕೇ, ವಿಸ್ಕಿಯೂ ಎರಡು ಸಣ್ಣ ಪೆಗ್ಗಿಗೆ ಮುಗಿಯುತ್ತದೆ. ಈವರೆಗೆ ಸೇದದ ಗೆಳೆಯರಿಗೆ ಒತ್ತಾಯ ಮಾಡಬೇಡಿ, ಸುಲೈಮಾನಿಯವನಿಲ್ಲದಿದ್ದರೆ ನಮ್ಮ ಕೂಟವೇ ಇಲ್ಲ.

ಪೆಟ್ಟಿಗೆಯ ತಳ ತಿರುಗಿಸಿ ನೋಡಿ. ಅಸಲಿ ಕ್ಯೂಬಾದ್ದಾದರೆ ಅಲ್ಲಿ ಕಾರ್ಖಾನೆಯ ಗುಟ್ಟಿನ ಅಕ್ಷರಗಳ ಜೊತೆ ತಿಂಗಳು, ವರ್ಷ ಮುದ್ರೆ ಹಾಕಿರುತ್ತಾರೆ. ತಿಂಗಳು ಸ್ಪಾನಿಷ್‌ನಲ್ಲಿ ಮೂರಕ್ಷರ: ‘ENE’ ಎಂದರೆ ಜನವರಿ, ‘AGO’ ಆಗಸ್ಟ್, ‘DIC’ ಡಿಸೆಂಬರ್. ಭಾವ ಕೊಟ್ಟದ್ದು ಆರು ವರ್ಷದ ಹಿಂದೆಯಾದರೂ ಸಿಗಾರಿನ ನಿಜವಾದ ವಯಸ್ಸು ಅದಕ್ಕಿಂತ ಹೆಚ್ಚಿರಬಹುದು. ಓದಲಾಗದಿದ್ದರೆ ಫೋಟೋ ಹಾಕಿ, ನೋಡಿ ಹೇಳುತ್ತೇನೆ.